ಸ್ತನ ಇಂಪ್ಲಾಂಟ್: ಗಾತ್ರ ಮತ್ತು ಆಕಾರದ ಆಯ್ಕೆ

ಸ್ತನದ ಗಾತ್ರ ಹೆಚ್ಚಿಸಲು, ಕ್ಯಾನ್ಸರ್‌ನಿಂದಾಗಿ ತೆಗೆದುಹಾಕಿದ ಸ್ತನವನ್ನು ಮತ್ತೆ ರೂಪಿಸಲು ಅಥವಾ ಹುಟ್ಟಿನಿಂದಲೇ ಬಂದ ಏರುಪೇರನ್ನು ಸರಿಪಡಿಸಲು ಎದೆಯೊಳಗೆ ಇಡುವ ಸಿಲಿಕೋನ್ ಚೀಲಕ್ಕೆ ಸ್ತನ ಇಂಪ್ಲಾಂಟ್ ಎಂದು ಹೆಸರು. ಹೊರಕವಚ ಎಲ್ಲದರಲ್ಲೂ ಸಿಲಿಕೋನ್ ರಬ್ಬರಿನದೇ. ಒಳಗೆ ಸಿಲಿಕೋನ್ ಜೆಲ್ ಇರುತ್ತದೆ, ಇಲ್ಲವೇ ಸಲೈನ್, ಅಂದರೆ ಶುದ್ಧೀಕರಿಸಿದ ಉಪ್ಪುನೀರು. ಗಾತ್ರವನ್ನು ಘನ ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ. ವೈದ್ಯರೂ ಚಿಕಿತ್ಸೆಗೆ ಬಂದವರೂ ಅದನ್ನು ‘ಸಿಸಿ’ ಎಂದೇ ಕರೆಯುವುದು ರೂಢಿ. ತಯಾರಕರ ಪಟ್ಟಿಗಳಲ್ಲಿ ಸುಮಾರು 100 ಸಿಸಿಯಿಂದ 800 ಸಿಸಿವರೆಗಿನ ಚೀಲಗಳಿವೆ. ಇಂಪ್ಲಾಂಟ್ ಬೇಕೆಂದು ಬರುವವರ ಮೊದಲ ಪ್ರಶ್ನೆ ‘ನನಗೆ ಎಷ್ಟು ಸಿಸಿ ಹಾಕಬೇಕು’ ಎಂಬುದೇ ಆಗಿರುತ್ತದೆ. ವಾಸ್ತವದಲ್ಲಿ ಸಿಸಿ ಎಂಬುದು ಲೆಕ್ಕದ ಕೊನೆಯಲ್ಲಿ ಸಿಗುವ ಸಂಖ್ಯೆ. ಎದೆಯ ಅಗಲ, ಚರ್ಮ ಎಷ್ಟು ಹಿಗ್ಗುತ್ತದೆ, ಈಗಿರುವ ಸ್ತನದ ಅಂಗಾಂಶ ಎಷ್ಟು ದಪ್ಪ ಇದೆ, ಈ ಮೂರನ್ನು ತಿಳಿಯದೆ ಹೇಳಿದ ಯಾವ ಸಂಖ್ಯೆಗೂ ಅರ್ಥವಿಲ್ಲ.

ಹಿನ್ನೆಲೆ

ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 1895ರಲ್ಲಿ ವಿನ್ಸೆನ್ಜ್ ಚೆರ್ನಿ ಎಂಬ ಶಸ್ತ್ರವೈದ್ಯ, ಗೆಡ್ಡೆ ತೆಗೆದ ಸ್ತನದ ಖಾಲಿ ಜಾಗಕ್ಕೆ ಅದೇ ಮಹಿಳೆಯ ಮೈಯಲ್ಲಿದ್ದ ಕೊಬ್ಬಿನ ಗಂಟೊಂದನ್ನು ತಂದಿಟ್ಟ. ಆಮೇಲಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪ್ಯಾರಾಫಿನ್ ಚುಚ್ಚುಮದ್ದು, ಪ್ಲಾಸ್ಟಿಕ್ ಸ್ಪಂಜು ಮೊದಲಾದ ಅಪಾಯದ ಪ್ರಯೋಗಗಳಲ್ಲೇ ಕಳೆಯಿತು. ಸ್ಪಂಜು ಕ್ರಮೇಣ ಕುಗ್ಗಿ ಕಲ್ಲಾಗುತ್ತಿತ್ತು. ಇಂದಿನ ಮಾದರಿಯ ಜೆಲ್ ಚೀಲವನ್ನು ಮೊದಲು ಬಳಸಿದ್ದು 1962ರಲ್ಲಿ, ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿ. ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಎಂಬ ಶಸ್ತ್ರವೈದ್ಯರು ಟಿಮ್ಮಿ ಜೀನ್ ಲಿಂಡ್ಸೆ ಎಂಬಾಕೆಗೆ ಅದನ್ನು ಅಳವಡಿಸಿದರು. ಆಕೆ ಆಸ್ಪತ್ರೆಗೆ ಬಂದದ್ದು ಎದೆಯ ಮೇಲಿನ ಹಚ್ಚೆ ಅಳಿಸಿಕೊಳ್ಳಲು. ಆ ಮೊದಲ ಚೀಲ ಹನಿಯ ಆಕಾರದ್ದಾಗಿತ್ತು: ಮೇಲೆ ತೆಳು, ಕೆಳಗೆ ತುಂಬು. ಜಾರದಿರಲೆಂದು ಅದರ ಬೆನ್ನಿಗೆ ಡೇಕ್ರಾನ್ ಬಟ್ಟೆಯ ತುಂಡುಗಳನ್ನು ಅಂಟಿಸಿದ್ದರು. ದುಂಡೋ ಹನಿಯೋ, ನುಣುಪೋ ಒರಟೋ ಎಂದು ಇಂದಿಗೂ ನಡೆಯುತ್ತಿರುವ ವಾದದ ಬೀಜ ಆ ಮೊದಲ ಚೀಲದಲ್ಲೇ ಇತ್ತು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವಾದ ಎಫ್‌ಡಿಎ 1992ರಲ್ಲಿ ಜೆಲ್ ಇಂಪ್ಲಾಂಟಿನ ಬಳಕೆಗೆ ಕಡಿವಾಣ ಹಾಕಿ, 2006ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟಿತು. ನಡುವಿನ ವರ್ಷಗಳಲ್ಲಿ ಅಲ್ಲಿ ಗಾತ್ರ ಹೆಚ್ಚಿಸಿಕೊಳ್ಳುವವರಿಗೆ ಸಲೈನ್ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಸಲೈನ್ ಚೀಲವನ್ನು ಖಾಲಿಯಾಗಿ ಒಳಗಿಟ್ಟು ಆಮೇಲೆ ತುಂಬುವುದರಿಂದ ಗಾಯ ಚಿಕ್ಕದಾಗಿರುತ್ತದೆ, ಎಡ ಬಲದ ವ್ಯತ್ಯಾಸವನ್ನು ಆಪರೇಷನ್ ಟೇಬಲ್ಲಿನ ಮೇಲೆಯೇ ಸರಿದೂಗಿಸಬಹುದು. ಆದರೆ ತೆಳು ಮೈಯವರಲ್ಲಿ ಅದರ ಸುಕ್ಕುಗಳು ಚರ್ಮದ ಹೊರಗೂ ಕಾಣುತ್ತವೆ, ಮುಟ್ಟಿದರೆ ನೀರಿನ ಚೀಲವೆಂದು ಗೊತ್ತಾಗುತ್ತದೆ. ಇಂದು ಹೆಚ್ಚಿನ ದೇಶಗಳಲ್ಲಿ ಬಳಸುವುದು ಜೆಲ್ಲನ್ನೇ. ಅಮೆರಿಕದಲ್ಲಿ ಗಾತ್ರ ಹೆಚ್ಚಿಸಲು ಸಲೈನ್‌ಗೆ 18 ವರ್ಷ, ಜೆಲ್‌ಗೆ 22 ವರ್ಷ ತುಂಬಿರಬೇಕು. ಕ್ಯಾನ್ಸರ್ ನಂತರದ ಪುನರ್ರಚನೆಗೆ ಈ ವಯೋಮಿತಿ ಇಲ್ಲ.

ಅಳತೆ ತೆಗೆಯುವ ಬಗೆ

ಪ್ಲಾಸ್ಟಿಕ್ ಸರ್ಜನ್‌ನ ತಪಾಸಣೆಯ ಕೋಣೆಯಲ್ಲಿ ಮುಖ್ಯ ಸಲಕರಣೆಗಳು ಮೂರು: ಅಳತೆಯ ಟೇಪು, ಕ್ಯಾಲಿಪರ್, ಚರ್ಮದ ಮೇಲೆ ಗುರುತು ಹಾಕುವ ಪೆನ್ನು. ಮಹಿಳೆ ಕೈ ಇಳಿಬಿಟ್ಟು ನೇರ ನಿಂತಿರುತ್ತಾಳೆ. ಕುತ್ತಿಗೆಯ ಬುಡದ ತಗ್ಗಿನಿಂದ ಮೊಲೆತೊಟ್ಟಿನವರೆಗೆ ಒಂದು ಅಳತೆ. ಸ್ತನದ ಬುಡದ ಅಗಲ ಇನ್ನೊಂದು. ಎದೆಯ ನಡುಮೂಳೆಯ ಅಂಚಿನಿಂದ ಕಂಕುಳ ಕಡೆ ಸ್ತನ ಮುಗಿಯುವ ಗೆರೆಯವರೆಗೆ ಇದನ್ನು ಅಳೆಯುತ್ತಾರೆ. ಆಮೇಲೆ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿದು, ತೊಟ್ಟಿನಿಂದ ಸ್ತನದ ಕೆಳ ಮಡಿಕೆಯವರೆಗಿನ ದೂರ. ತೊಟ್ಟಿನ ಸುತ್ತಲ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಮುಂದಕ್ಕೆ ಎಳೆದರೆ ಅದು ಎಷ್ಟು ಬರುತ್ತದೆ ಎಂಬುದೂ ಒಂದು ಅಳತೆಯೇ: 2 ಸೆಂ.ಮೀ.ಗಿಂತ ಕಡಿಮೆ ಬಂದರೆ ಚರ್ಮ ಬಿಗಿ, 3 ದಾಟಿದರೆ ಸಡಿಲ. ಕೊನೆಗೆ ಸ್ತನದ ಮೇಲ್ಭಾಗದ ಚರ್ಮ ಮತ್ತು ಕೊಬ್ಬನ್ನು ಚಿವುಟಿ ಹಿಡಿದು ಅದರ ದಪ್ಪ ನೋಡುತ್ತಾರೆ.

ಅಮೆರಿಕದ ಡಲ್ಲಾಸ್‌ನ ಜಾನ್ ಟೆಬೆಟ್ಸ್ ಮತ್ತು ವಿಲಿಯಂ ಆಡಮ್ಸ್ 2005ರಲ್ಲಿ ಪ್ರಕಟಿಸಿದ ಪದ್ಧತಿ ಈ ಅಳತೆಗಳನ್ನೇ ಐದು ತೀರ್ಮಾನಗಳಾಗಿ ಪರಿವರ್ತಿಸಿತು. ಚೀಲವನ್ನು ಸ್ನಾಯುವಿನ ಮೇಲೆ ಇಡಬೇಕೋ ಕೆಳಗೋ, ಎಷ್ಟು ಸಿಸಿ, ಯಾವ ಬಗೆಯ ಚೀಲ, ಹೊಸ ಕೆಳಮಡಿಕೆ ಎಲ್ಲಿ, ಗಾಯ ಎಲ್ಲಿ. ಕಣ್ಣಂದಾಜಿನ ಮೇಲೆ ನಡೆಯುತ್ತಿದ್ದ ಕೆಲಸಕ್ಕೆ ಇದರಿಂದ ಒಂದು ಶಿಸ್ತು ಬಂತು. ‘ನಾನು ಕೇಳಿದ್ದನ್ನು ಡಾಕ್ಟರು ಕೊಡಲಿಲ್ಲ’ ಎಂಬ ತಕರಾರಿಗೆ ಉತ್ತರವಾಗಿ ಕಾಗದದ ಮೇಲೆ ಅಂಕಿಗಳೂ ಸಿಕ್ಕವು.

ಇಲ್ಲಿ ಗಾತ್ರಕ್ಕಿಂತ ದೊಡ್ಡ ಮಾತು ಅಗಲದ್ದು. ಇಂಪ್ಲಾಂಟಿನ ಅಗಲ ಸ್ತನದ ಬುಡದ ಅಗಲಕ್ಕಿಂತ ತುಸು ಕಡಿಮೆಯೇ ಇರಬೇಕು. ಹೆಚ್ಚಾದರೆ ಅದು ಕಂಕುಳತ್ತ ಉಬ್ಬಿ ತೋಳಿಗೆ ತಗಲುತ್ತದೆ, ಇಲ್ಲವೇ ನಡುವಿನತ್ತ ಸರಿದು ಎರಡು ಸ್ತನಗಳೂ ಕೂಡಿಕೊಂಡಂತೆ ಕಾಣುತ್ತವೆ. ಅಗಲ ಗೊತ್ತಾದ ಮೇಲೆ ಉಳಿಯುವುದು ಪ್ರೊಫೈಲ್, ಅಂದರೆ ಚೀಲ ಮುಂದಕ್ಕೆ ಎಷ್ಟು ಉಬ್ಬಬೇಕು ಎಂಬುದು. ಲೋ, ಮಾಡರೇಟ್, ಹೈ, ಎಕ್ಸ್‌ಟ್ರಾ ಹೈ ಎಂದು ತಯಾರಕರು ಇದನ್ನು ವಿಂಗಡಿಸುತ್ತಾರೆ. ಒಂದೇ ರಾಗಿಹಿಟ್ಟಿನಿಂದ ರೊಟ್ಟಿಯನ್ನೂ ತಟ್ಟಬಹುದು, ಮುದ್ದೆಯನ್ನೂ ಕಟ್ಟಬಹುದು. 300 ಸಿಸಿಯ ಎರಡು ಚೀಲಗಳೂ ಹಾಗೆಯೇ. ಒಂದು 13 ಸೆಂ.ಮೀ. ಅಗಲವಾಗಿ ಚಪ್ಪಟೆಯಾಗಿರಬಹುದು, ಇನ್ನೊಂದು 11 ಸೆಂ.ಮೀ. ಅಗಲದಲ್ಲೇ ನಾಲ್ಕೂವರೆ ಸೆಂ.ಮೀ.ಗೂ ಹೆಚ್ಚು ಮುಂದಕ್ಕೆ ಚಾಚಿರಬಹುದು. ಆದ್ದರಿಂದ ‘ನನ್ನ ಗೆಳತಿಗೆ 300 ಹಾಕಿದ್ದಾರೆ, ನನಗೂ ಅಷ್ಟೇ ಇರಲಿ’ ಎಂಬ ಮಾತಿನಿಂದ ಸರ್ಜನ್‌ಗೆ ಏನೂ ತಿಳಿಯುವುದಿಲ್ಲ. ಅಗಲ ಎದೆಯ ಗೆಳತಿಗೆ 300 ಸಿಸಿ ಹಾಕಿದ್ದು ಕಂಡೂ ಕಾಣದ ಹಾಗಿದ್ದು, ಕಿರಿದಾದ ಎದೆಯ ಇವಳಿಗೆ ಅದೇ ವಿಪರೀತವಾಗಬಹುದು. ಕಿರಿದಾದ ಎದೆಗೆ ಹೆಚ್ಚು ಉಬ್ಬಿನ ಚೀಲ, ಅಗಲ ಎದೆಗೆ ಸಾಧಾರಣ ಉಬ್ಬಿನದು ಎಂಬುದು ಸ್ಥೂಲವಾದ ಸೂತ್ರ.

ಚಿವುಟಿ ನೋಡಿದಾಗ ಮೇಲ್ಭಾಗದ ದಪ್ಪ 2 ಸೆಂ.ಮೀ.ಗಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಚೀಲದ ಮೇಲ್ಭಾಗವನ್ನಾದರೂ ಎದೆಯ ಸ್ನಾಯುವಿನ ಕೆಳಗೆ ಇಡುತ್ತಾರೆ. ಇಲ್ಲದಿದ್ದರೆ ಅಂಚು ಎದ್ದು ಕಾಣುತ್ತದೆ. ಮೇಲರ್ಧ ಸ್ನಾಯುವಿನ ಕೆಳಗೆ, ಕೆಳಗಿನರ್ಧ ಸ್ತನದ ಗ್ರಂಥಿಯ ಕೆಳಗೆ ಇರುವ ‘ಡ್ಯುಯಲ್ ಪ್ಲೇನ್’ ವಿಧಾನವನ್ನು ಟೆಬೆಟ್ಸ್ 2001ರಲ್ಲಿ ವಿವರಿಸಿದರು. ಸ್ನಾಯುವಿನ ಕೆಳಗಿರುವ ಚೀಲ ತೋಳಿನ ಕಸರತ್ತು ಮಾಡುವಾಗ ಮೇಲಕ್ಕೂ ಹೊರಕ್ಕೂ ಎಳೆದಂತೆ ಆಗುವುದುಂಟು. ಜಿಮ್‌ಗೆ ಹೋಗುವವರು ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕಾದ್ದು.

ಕಪ್ ಸೈಜ್ ಎಂಬ ಗೊಂದಲ

‘ಸಿ ಕಪ್ ಆದರೆ ಸಾಕು’ ಎನ್ನುವುದು ಸರ್ಜನ್‌ಗಳು ದಿನವೂ ಕೇಳುವ ಮಾತು. ಬ್ರಾ ಕಪ್‌ಗಳಿಗೆ ಅಕ್ಷರ ಇಡುವ ಪದ್ಧತಿ 1930ರ ದಶಕದಲ್ಲಿ ಅಮೆರಿಕದ ಒಳಉಡುಪು ಕಂಪನಿಗಳಿಂದ ಬಂದದ್ದು. ಅದು ಬಟ್ಟೆಯ ಅಳತೆ, ಸ್ತನದ ಅಳತೆಯಲ್ಲ. ಕಪ್ಪಿನ ಅಕ್ಷರ ಪಟ್ಟಿಯ ಅಂಕಿಯೊಂದಿಗೆ ಸೇರಿಕೊಂಡರೆ ಮಾತ್ರ ಅರ್ಥ ಕೊಡುತ್ತದೆ: 34ಬಿ ಮತ್ತು 32ಸಿ ಬ್ರಾಗಳ ಕಪ್ಪಿನಲ್ಲಿ ಹಿಡಿಯುವ ಗಾತ್ರ ಹೆಚ್ಚುಕಡಿಮೆ ಒಂದೇ. ಒಂದು ಕಂಪನಿಯ ಸಿ ಇನ್ನೊಂದರ ಬಿ ಆಗುವುದು ಅಂಗಡಿಯಲ್ಲಿ ಬ್ರಾ ಕೊಂಡ ಯಾರಿಗೂ ಗೊತ್ತು. 150ರಿಂದ 200 ಸಿಸಿಗೆ ಒಂದು ಕಪ್ ಏರುತ್ತದೆ ಎಂಬ ಲೆಕ್ಕ ಚಾಲ್ತಿಯಲ್ಲಿದೆಯಾದರೂ ಎದೆ ಅಗಲವಾದಷ್ಟೂ ಒಂದು ಕಪ್ ಏರಲು ಹೆಚ್ಚು ಸಿಸಿ ಬೇಕಾಗುವುದರಿಂದ ಅದನ್ನು ನಂಬಿ ಕೂರುವ ಹಾಗಿಲ್ಲ. ಈ ಕಾರಣಕ್ಕೇ ಶಸ್ತ್ರಚಿಕಿತ್ಸೆಯ ನಂತರ ಇಂಥದೇ ಕಪ್ ಆಗುತ್ತದೆ ಎಂದು ಅನುಭವಿ ಸರ್ಜನ್‌ಗಳು ಮಾತು ಕೊಡುವುದಿಲ್ಲ. ಮಾತು ಕೊಡುವವರ ಬಗ್ಗೆ ಎಚ್ಚರವಿರುವುದು ಒಳ್ಳೆಯದು.

ಮನೆಯಲ್ಲಿ ಗಾತ್ರ ಅಂದಾಜು ಮಾಡಲು ಅಕ್ಕಿಯ ಉಪಾಯವೊಂದು ಪಾಶ್ಚಾತ್ಯ ದೇಶಗಳಲ್ಲಿ ಜನಪ್ರಿಯ. ತೆಳು ಕಾಲುಚೀಲದಲ್ಲಿ 250 ಅಥವಾ 300 ಮಿಲಿಲೀಟರ್ ಅಕ್ಕಿ ಅಳೆದು ಹಾಕಿ, ಗಂಟು ಕಟ್ಟಿ, ತುಸು ದೊಡ್ಡ ಬ್ರಾದೊಳಗೆ ಇಟ್ಟುಕೊಂಡು ದಿನವಿಡೀ ಓಡಾಡುವುದು. ಮೆಟ್ಟಿಲು ಹತ್ತುವಾಗ, ಮಕ್ಕಳನ್ನು ಎತ್ತಿಕೊಳ್ಳುವಾಗ, ಹಳೆಯ ಬ್ಲೌಸು ತೊಟ್ಟಾಗ ಹೇಗನ್ನಿಸುತ್ತದೆ ಎಂದು ನೋಡಲು ಇದು ಅಗ್ಗದ ದಾರಿ. ಆದರೆ ಮೇಲಿನಿಂದ ಇಟ್ಟ ಅಕ್ಕಿಗಂಟು ಒಳಗೆ ಸ್ನಾಯುವಿನಡಿ ಕೂರುವ ಅದೇ ಗಾತ್ರದ ಚೀಲಕ್ಕಿಂತ ಹೆಚ್ಚು ಉಬ್ಬಿ ಕಾಣುತ್ತದೆ. ಕ್ಲಿನಿಕ್ಕುಗಳಲ್ಲಿ ಇರುವ ಸೈಜರ್‌ಗಳಿಗೂ, ಅಂದರೆ ಬ್ರಾದೊಳಗೆ ಇಟ್ಟು ನೋಡುವ ಮಾದರಿ ಚೀಲಗಳಿಗೂ ಇದೇ ಮಿತಿ. ಮೂರು ಆಯಾಮದ ಕ್ಯಾಮೆರಾದಿಂದ ಎದೆಯ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಬೇರೆ ಬೇರೆ ಇಂಪ್ಲಾಂಟ್ ಕೂರಿಸಿ ತೋರಿಸುವ ತಂತ್ರಾಂಶಗಳೂ ಬಂದಿವೆ. ಇವುಗಳಿಂದ ಮಹಿಳೆಯ ಮನಸ್ಸಿನಲ್ಲಿ ಏನಿದೆ ಎಂಬುದು ಸರ್ಜನ್‌ಗೆ ಚೆನ್ನಾಗಿ ತಿಳಿಯುತ್ತದೆ. ಚರ್ಮ ಹೇಗೆ ವರ್ತಿಸುತ್ತದೆ ಎಂಬುದು ತಿಳಿಯುವುದಿಲ್ಲ. ಇಷ್ಟವಾದ ಫೋಟೊಗಳನ್ನು ತೋರಿಸುವುದೂ ಉಪಯುಕ್ತ. ಒಬ್ಬಳಿಗೆ ‘ಸಹಜ’ ಎನಿಸಿದ್ದು ಇನ್ನೊಬ್ಬಳಿಗೆ ಸಪ್ಪೆ, ಮತ್ತೊಬ್ಬಳಿಗೆ ಅತಿ. ಫೋಟೊದಲ್ಲಿರುವ ಹೆಂಗಸಿನ ಎದೆ ಶಸ್ತ್ರಚಿಕಿತ್ಸೆಗೆ ಮುಂಚೆ ತನ್ನ ಎದೆಯಂತೆಯೇ ಇತ್ತೇ ಎಂದು ನೋಡಿದರೆ ಮಾತ್ರ ಹೋಲಿಕೆಗೆ ಬೆಲೆ.

ಚೆಲುವಿನ ಅಳತೆಯನ್ನೂ ಅಂಕಿಗೆ ಇಳಿಸಲು ಪ್ರಯತ್ನಗಳು ನಡೆದಿವೆ. ಲಂಡನ್ನಿನ ಪ್ಯಾಟ್ರಿಕ್ ಮಲ್ಲೂಚಿ ಮತ್ತು ಸಂಗಡಿಗ 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಪಕ್ಕದಿಂದ ನೋಡಿದಾಗ ತೊಟ್ಟಿನ ಗೆರೆಯ ಮೇಲೆ ಸ್ತನದ 45 ಪಾಲು, ಕೆಳಗೆ 55 ಪಾಲು ಇದ್ದು, ತೊಟ್ಟು ಸ್ವಲ್ಪ ಮೇಲ್ಮುಖವಾಗಿದ್ದರೆ ನೋಡುವವರಿಗೆ ಹಿಡಿಸುತ್ತದೆ. ಮೇಲ್ಭಾಗ ತುಂಬಿ ಉಬ್ಬಿದ ‘ಇಂಪ್ಲಾಂಟ್ ಎದೆ’ ಈ ಲೆಕ್ಕದಲ್ಲಿ ಹಿಂದೆ ಬೀಳುತ್ತದೆ. ಅಂಥದ್ದೇ ಬೇಕೆಂದು ಕೇಳಿ ಮಾಡಿಸಿಕೊಳ್ಳುವವರೂ ಇದ್ದಾರೆ, ಅದೂ ಅವರ ಆಯ್ಕೆಯೇ.

ದುಂಡು, ಹನಿ, ಒರಟು, ನುಣುಪು

ಆಕಾರದಲ್ಲಿ ಮುಖ್ಯವಾಗಿ ಎರಡು ಬಗೆ. ದುಂಡಗಿನದು ಯಾವ ಕಡೆ ತಿರುಗಿದರೂ ಒಂದೇ. ‘ಅನಾಟಮಿಕಲ್’ ಅಥವಾ ಹನಿಯಾಕಾರದ್ದು ಮೇಲೆ ಇಳಿಜಾರಾಗಿ ಕೆಳಗೆ ತುಂಬಿರುತ್ತದೆ. ಆಕಾರ ಉಳಿಯಲೆಂದು ಅದರ ಜೆಲ್ ಗಟ್ಟಿಯಾಗಿರುತ್ತದೆ. ಹನಿಯದು ಸಹಜವಾಗಿ ಕಾಣುತ್ತದೆ, ದುಂಡಗಿನದು ಕೃತಕವಾಗಿ ಎಂದು ಬಹುಕಾಲದ ನಂಬಿಕೆ. ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ ಮತ್ತು ಸಹೋದ್ಯೋಗಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಒಂದೇ ಮಹಿಳೆಯ ಒಂದು ಬದಿಗೆ ದುಂಡು, ಇನ್ನೊಂದು ಬದಿಗೆ ಹನಿಯಾಕಾರದ್ದನ್ನು ಇಟ್ಟು ಫೋಟೊ ತೆಗೆದರು. ಹನಿಯಾಕಾರದ್ದೇ ಮೇಲು ಎನ್ನುವಂಥ ವ್ಯತ್ಯಾಸ ಕಾಣಲಿಲ್ಲ. ನಿಂತಾಗ ಮೃದು ಜೆಲ್ಲಿನ ದುಂಡು ಚೀಲವೂ ಕೆಳಗಿಳಿದು ಹನಿಯಂತೆಯೇ ಆಗುತ್ತದೆ. ಸ್ತನದ ಅಂಗಾಂಶವೇ ಇಲ್ಲದ ಪುನರ್ರಚನೆಯಲ್ಲಿ, ಕೆಳಭಾಗ ಬಿಗಿದು ಬೆಳೆಯದೆ ಉಳಿದ ಸ್ತನದಲ್ಲಿ ಹನಿಯಾಕಾರಕ್ಕೆ ಇನ್ನೂ ಸ್ಥಾನವಿದೆ.

ಹನಿಯಾಕಾರದ ಚೀಲ ಒಳಗೆ ತಿರುಗಿಬಿಟ್ಟರೆ ಸ್ತನ ಸೊಟ್ಟಗಾಗುತ್ತದೆ, ಮತ್ತೆ ಕತ್ತರಿ ಹಾಕಬೇಕಾಗುತ್ತದೆ. ತಿರುಗದಿರಲೆಂದು ಅದರ ಮೇಲ್ಮೈಯನ್ನು ಒರಟು ಮಾಡಿದರು. ತೊಡಕು ಶುರುವಾದದ್ದು ಅಲ್ಲಿ. ಒರಟು ಮೇಲ್ಮೈಯ ಇಂಪ್ಲಾಂಟಿನ ಸುತ್ತ ಬೆಳೆಯುವ ಅಪರೂಪದ ಲಿಂಫೋಮಾ ಕ್ಯಾನ್ಸರಿನ ಸಾಧ್ಯತೆಯನ್ನು ಎಫ್‌ಡಿಎ 2011ರಲ್ಲಿ ಬಹಿರಂಗವಾಗಿ ಎತ್ತಿಹೇಳಿತು. ಫ್ರಾನ್ಸ್ 2019ರ ಏಪ್ರಿಲ್‌ನಲ್ಲಿ ಹೆಚ್ಚು ಒರಟಿನ ಮಾದರಿಗಳನ್ನು ನಿಷೇಧಿಸಿತು. ಅದೇ ವರ್ಷದ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ‘ಬಯೋಸೆಲ್’ ಮೇಲ್ಮೈಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಈಗಾಗಲೇ ಹಾಕಿಸಿಕೊಂಡು ಯಾವ ತೊಂದರೆಯೂ ಇಲ್ಲದವರು ತೆಗೆಸಬೇಕಿಲ್ಲ ಎಂದು ಎಫ್‌ಡಿಎ ಹೇಳಿತು. ಶಸ್ತ್ರಚಿಕಿತ್ಸೆಯಾಗಿ ವರ್ಷಗಳ ಮೇಲೆ ಒಂದು ಬದಿ ಏಕಾಏಕಿ ನೀರು ತುಂಬಿ ಊದಿಕೊಂಡರೆ ತಡಮಾಡದೆ ತೋರಿಸಬೇಕು. ಹೀಗೆ ಅಂದದ ವಿಷಯವಾಗಿದ್ದ ಆಕಾರದ ಆಯ್ಕೆ ಸುರಕ್ಷತೆಯ ವಿಷಯವೂ ಆಯಿತು. ನುಣುಪು ಮೇಲ್ಮೈಯ ದುಂಡು ಚೀಲ ಮತ್ತೆ ಮುಂಚೂಣಿಗೆ ಬಂದದ್ದಕ್ಕೆ ಇದು ದೊಡ್ಡ ಕಾರಣ.

ದೊಡ್ಡದರ ಬೆಲೆ

ಸಿಲಿಕೋನ್ ಜೆಲ್ಲಿನ ಸಾಂದ್ರತೆ ನೀರಿಗೆ ತೀರ ಹತ್ತಿರ. 400 ಸಿಸಿಯ ಒಂದು ಚೀಲ ಸುಮಾರು 400 ಗ್ರಾಂ ತೂಗುತ್ತದೆ. ಜೋಡಿಯೆಂದರೆ ಮುಕ್ಕಾಲು ಕಿಲೋಗೂ ಮಿಕ್ಕಿ. ಈ ಭಾರ ಹಗಲೂ ರಾತ್ರಿ ಚರ್ಮವನ್ನು ಎಳೆಯುತ್ತದೆ, ಅಂಗಾಂಶವನ್ನು ತೆಳುವಾಗಿಸುತ್ತದೆ. ವರ್ಷಗಳು ಕಳೆದಂತೆ ಚೀಲ ಕೆಳಮಡಿಕೆಯನ್ನೂ ದಾಟಿ ಇಳಿಯಬಹುದು. ತೊಟ್ಟು ಆಗ ಮೇಲ್ಮುಖವಾಗಿ ದಿಟ್ಟಿಸತೊಡಗುತ್ತದೆ. ಹಳೆಯ ಮಡಿಕೆ ಅಳಿಯದೆ ಉಳಿದು ಅದರ ಕೆಳಗೆ ಚೀಲ ಇಳಿದರೆ ಸ್ತನದ ಕೆಳಗೆ ಇನ್ನೊಂದು ಉಬ್ಬು ಕಾಣಿಸಿಕೊಳ್ಳುತ್ತದೆ. ತೆಳುವಾದ ಚರ್ಮವನ್ನು ಮತ್ತೆ ಮೊದಲಿನಂತೆ ಮಾಡುವುದು ಕಷ್ಟ. ಇಪ್ಪತ್ತೈದರ ಮೈ ಹೊರುವ ಭಾರವನ್ನು ಎರಡು ಹೆರಿಗೆಯಾದ ನಲವತ್ತೈದರ ಮೈ ಹೊರಬೇಕಲ್ಲ ಎಂಬುದನ್ನು ಗಾತ್ರ ಆರಿಸುವಾಗಲೇ ಲೆಕ್ಕಕ್ಕೆ ಹಿಡಿಯಬೇಕು.

ಆದರೂ ‘ಇನ್ನೂ ಸ್ವಲ್ಪ ದೊಡ್ಡದು ಹಾಕಿಸಬೇಕಿತ್ತು’ ಎನ್ನುವವರ ಸಂಖ್ಯೆ ಕಡಿಮೆಯಿಲ್ಲ. ಆಪರೇಷನ್ ಆದ ಕೂಡಲೇ ಇರುವ ಊತ ಇಳಿಯುತ್ತದೆ, ಚೀಲ ತನ್ನ ಜಾಗದಲ್ಲಿ ಕೂರಲು ಸುಮಾರು ಮೂರು ತಿಂಗಳು ಬೇಕು, ಅಷ್ಟರಲ್ಲಿ ಕಣ್ಣಿಗೂ ರೂಢಿಯಾಗಿ ಮೊದಲ ದಿನ ದೊಡ್ಡದೆನಿಸಿದ್ದು ಚಿಕ್ಕದೆನಿಸುತ್ತದೆ. ಎಫ್‌ಡಿಎಗೆ ಸಲ್ಲಿಕೆಯಾದ ಕಂಪನಿಗಳ ಅಧ್ಯಯನಗಳಲ್ಲಿ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಕೊಟ್ಟ ಕಾರಣಗಳಲ್ಲಿ ಚೀಲದ ಸುತ್ತ ಗಟ್ಟಿಗೊಳ್ಳುವ ಪೊರೆಯ ಜೊತೆಗೆ ಗಾತ್ರ ಬದಲಾವಣೆಯೂ ಇದೆ. ಒಂದು ಹೆಜ್ಜೆ ಮೇಲಿನ ಚೀಲಕ್ಕೂ ಕೆಳಗಿನದಕ್ಕೂ ಇರುವ ಅಂತರ ಬಹಳ ಸಲ 25 ಸಿಸಿ, ಅಂದರೆ ಐದು ಟೀ ಚಮಚ. ಬಟ್ಟೆಯ ಮೇಲೆ ಅದು ಕಾಣುವುದೇ ಇಲ್ಲ. 275ಓ 300ಓ ಎಂದು ವಾರಗಟ್ಟಲೆ ನಿದ್ದೆಗೆಡುವವರು ತಿಳಿದಿರಬೇಕಾದ ಸಂಗತಿ ಇದು.

ಜೋತುಬಿದ್ದ ಸ್ತನದ ಪ್ರಶ್ನೆ ಬೇರೆ. ತೊಟ್ಟು ಕೆಳಮಡಿಕೆಗಿಂತ ಕೆಳಗಿದ್ದರೆ ಇಂಪ್ಲಾಂಟ್ ಅದನ್ನು ಎತ್ತಲಾರದು. ಹೆಚ್ಚುವರಿ ಚರ್ಮ ತೆಗೆದು ಎತ್ತಿಕಟ್ಟುವ ಮಾಸ್ಟೊಪೆಕ್ಸಿ ಬೇಕು. ಅದರ ಗಾಯದ ಕಲೆಗೆ ಹೆದರಿ, ಸಡಿಲ ಚರ್ಮವನ್ನು ತುಂಬಿಸಲು ದೊಡ್ಡ ಚೀಲ ಹಾಕಿಸುವುದು ಮುಂದೆ ಇನ್ನೂ ದೊಡ್ಡ ಮಾಸ್ಟೊಪೆಕ್ಸಿಗೆ ದಾರಿ. ಎರಡು ಸ್ತನಗಳು ಒಂದೇ ಸಮನಾಗಿರುವುದು ಅಪರೂಪ. ವ್ಯತ್ಯಾಸ ಕಣ್ಣಿಗೆ ಬೀಳುವಷ್ಟಿದ್ದರೆ ಎಡಕ್ಕೊಂದು ಬಲಕ್ಕೊಂದು ಗಾತ್ರ ಹಾಕುವುದುಂಟು. ಅನುಮಾನವಿದ್ದಾಗ ಸರ್ಜನ್ ಮೊದಲು ತಾತ್ಕಾಲಿಕ ಸೈಜರ್ ಒಳಗಿಟ್ಟು, ಅರಿವಳಿಕೆಯಲ್ಲೇ ಇರುವ ಮಹಿಳೆಯನ್ನು ಟೇಬಲ್ ಎತ್ತಿ ಕುಳಿತ ಭಂಗಿಗೆ ತಂದು, ಕಾಲ ಬುಡದಲ್ಲಿ ನಿಂತು ಎರಡೂ ಬದಿ ಹೋಲಿಸಿ ನೋಡುತ್ತಾನೆ. ಮಲಗಿದಾಗ ಸಮವಾಗಿ ಕಂಡದ್ದು ಕುಳಿತಾಗ ಬೇರೆಯಾಗುವುದು ಇಲ್ಲಿ ಸಾಮಾನ್ಯ.

ಕ್ಯಾನ್ಸರ್ ನಂತರ

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವುದು ಸ್ತನ ಕ್ಯಾನ್ಸರ್. ಸ್ತನ ತೆಗೆದ ಮೇಲೆ ಪುನರ್ರಚನೆಗೆ ಇಂಪ್ಲಾಂಟ್ ಒಂದು ದಾರಿ, ಬೆನ್ನಿನ ಸ್ನಾಯು ಅಥವಾ ಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ತಂದು ಕಟ್ಟುವುದು ಇನ್ನೊಂದು. ವಿಕಿರಣ ಚಿಕಿತ್ಸೆಯಾದ ಎದೆಯಲ್ಲಿ ಇಂಪ್ಲಾಂಟಿನ ಸುತ್ತಲಿನ ಪೊರೆ ಗಟ್ಟಿಯಾಗುವ ಸಂಭವ ಹೆಚ್ಚು. ಹಾಗಾಗಿ ಅಂಥವರಲ್ಲಿ ಎರಡನೆಯ ದಾರಿಗೆ ಒಲವು. ಇಲ್ಲಿ ಗಾತ್ರ ನಿರ್ಧರಿಸುವುದು ಉಳಿದಿರುವ ಸ್ತನ. ಸ್ತನ ತೆಗೆಯುವ ವೇಳೆಯಲ್ಲೇ ಪುನರ್ರಚನೆ ಮಾಡುವುದಾದರೆ, ತೆಗೆದ ಸ್ತನವನ್ನು ಆಪರೇಷನ್ ಥಿಯೇಟರಿನಲ್ಲೇ ತೂಗಿ, ಬಂದ ಗ್ರಾಂ ಲೆಕ್ಕವನ್ನು ಸಿಸಿಗೆ ಮಾರ್ಗದರ್ಶಿಯಾಗಿ ಹಿಡಿಯುತ್ತಾರೆ.

ಚರ್ಮ ಸಾಲದಿದ್ದಾಗ ಮೊದಲು ಎಕ್ಸ್‌ಪ್ಯಾಂಡರ್ ಎಂಬ ಖಾಲಿ ಚೀಲ ಇಟ್ಟು, ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಸೂಜಿಯಿಂದ ಸಲೈನ್ ತುಂಬುತ್ತಾ ಚರ್ಮವನ್ನು ಹಿಗ್ಗಿಸುತ್ತಾರೆ. ಗಾತ್ರವನ್ನು ಮೈಯೊಳಗೇ ಹೊತ್ತು ನೋಡಿ ‘ಇಷ್ಟು ಸಾಕು’ ಎನ್ನಬಹುದಾದ ಅವಕಾಶ ಇಲ್ಲಿದೆ. ಭಾರತದ ಆರೋಗ್ಯ ವಿಮೆಗಳು ಸೌಂದರ್ಯಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಯ ಖರ್ಚು ಕೊಡುವುದಿಲ್ಲ. ಆದರೆ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ನಂತರದ ಪುನರ್ರಚನೆಗೆ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲಿ ವಿನಾಯಿತಿ ಇದೆ. ಬಹಳ ಕುಟುಂಬಗಳಿಗೆ ಇದು ಗೊತ್ತಿಲ್ಲದೆ ಕ್ಲೇಮ್ ಹಾಕುವುದೇ ಇಲ್ಲ.

ಲಿಂಗ ಪರಿವರ್ತನೆಯ ಹಾದಿಯಲ್ಲಿರುವ ಟ್ರಾನ್ಸ್ ಮಹಿಳೆಯರಲ್ಲಿ ಲೆಕ್ಕ ಮತ್ತೆ ಬದಲಾಗುತ್ತದೆ. ಎದೆಗೂಡು ಅಗಲ, ತೊಟ್ಟುಗಳು ಚಿಕ್ಕವು ಮತ್ತು ದೂರ ದೂರ. ಈಗಿರುವ ಸ್ತನದ ಅಗಲಕ್ಕೆ ತಕ್ಕಂತೆ ಚೀಲ ಇಟ್ಟರೆ ನಡುವೆ ದೊಡ್ಡ ಬಯಲು ಉಳಿಯುತ್ತದೆ, ಆದ್ದರಿಂದ ಅಗಲವಾದ ಚೀಲ ಬೇಕಾಗುತ್ತದೆ. ತೊಟ್ಟು ಮಾತ್ರ ಚೀಲದ ನಡುವೆಯೇ ಇರಬೇಕಾದ್ದರಿಂದ ನಡುವಿನ ಅಂತರವನ್ನು ಪೂರ್ತಿ ಮುಚ್ಚಲಾಗದು. ಹಾರ್ಮೋನಿನಿಂದ ಸ್ತನ ಬೆಳೆಯುವಷ್ಟು ಬೆಳೆಯಲು ಬಿಟ್ಟು, ಆಮೇಲೆ ಅಳತೆ ತೆಗೆಯುವುದು ವಾಡಿಕೆ.

ಆರಿಸುವ ಮುನ್ನ, ಹಾಕಿಸಿದ ಮೇಲೆ

ಭಾರತದಲ್ಲಿ ಇಂಪ್ಲಾಂಟುಗಳು 2017ರ ವೈದ್ಯಕೀಯ ಸಾಧನಗಳ ನಿಯಮಗಳ ಅಡಿ ಬರುತ್ತವೆ. ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿರುವರೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಅಗ್ಗದ ಚೀಲದ ಆಸೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಫ್ರಾನ್ಸಿನ ಪಿಐಪಿ ಎಂಬ ತಯಾರಕ ಕಂಪನಿಯ ಹಗರಣ ಸಾಕ್ಷಿ: ವೈದ್ಯಕೀಯ ದರ್ಜೆಯದ್ದಲ್ಲದ ಕೈಗಾರಿಕಾ ಸಿಲಿಕೋನ್ ತುಂಬಿ ಮಾರುತ್ತಿದ್ದದ್ದು 2010ರಲ್ಲಿ ಬಯಲಾಯಿತು, ಸ್ಥಾಪಕ ಜಾನ್ ಕ್ಲೋಡ್ ಮಾಸ್‌ಗೆ 2013ರಲ್ಲಿ ಜೈಲುಶಿಕ್ಷೆಯಾಯಿತು. ಡಬ್ಬಿಯ ಮೇಲಿನ ಸ್ಟಿಕ್ಕರಿನಲ್ಲಿ ತಯಾರಕರ ಹೆಸರು, ಮಾದರಿ, ಗಾತ್ರ, ಸರಣಿ ಸಂಖ್ಯೆ ಇರುತ್ತದೆ. ಅದನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಂಡು ಜೋಪಾನ ಮಾಡಬೇಕು. ಹತ್ತು ವರ್ಷದ ಮೇಲೆ ಯಾವುದಾದರೂ ಮಾದರಿಯನ್ನು ಹಿಂದಕ್ಕೆ ಪಡೆದರೆ ತನ್ನೊಳಗಿರುವುದು ಅದೇನಾ ಎಂದು ತಿಳಿಯಲು ಇದೇ ಸುಲಭದ ದಾರಿ.

ಯಾವ ಇಂಪ್ಲಾಂಟೂ ಜೀವನಪೂರ್ತಿ ಬಾಳುವುದಲ್ಲ. ಎಫ್‌ಡಿಎ 2021ರಲ್ಲಿ ಈ ಮಾತನ್ನು ಇಂಪ್ಲಾಂಟಿನ ಮಾಹಿತಿಪತ್ರದ ಚೌಕಟ್ಟು ಹಾಕಿದ ಎಚ್ಚರಿಕೆಯಲ್ಲೇ ಸೇರಿಸಿ, ಶಸ್ತ್ರಚಿಕಿತ್ಸೆಗೆ ಮೊದಲು ಓದಿ ಸಹಿ ಹಾಕಬೇಕಾದ ತಪಶೀಲು ಪಟ್ಟಿಯನ್ನೂ ಕಡ್ಡಾಯ ಮಾಡಿತು. ಜೆಲ್ ಚೀಲ ಸದ್ದಿಲ್ಲದೆ ಒಡೆಯಬಲ್ಲದು. ಆದ್ದರಿಂದ ಶಸ್ತ್ರಚಿಕಿತ್ಸೆಯಾಗಿ ಐದಾರು ವರ್ಷವಾದಾಗ ಒಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಿಸಲು ಎಫ್‌ಡಿಎ ಸಲಹೆ ಮಾಡುತ್ತದೆ.

ಬದಲಾಯಿಸುವ ದಿನ ಬಂದಾಗ ಗಾತ್ರದ ಲೆಕ್ಕವನ್ನು ಮೊದಲಿನಿಂದ ಹಾಕಬೇಕಾಗುತ್ತದೆ, ಏಕೆಂದರೆ ಚರ್ಮ ಹಿಗ್ಗಿರುತ್ತದೆ, ಅಂಗಾಂಶ ತೆಳುವಾಗಿರುತ್ತದೆ, ಮೈತೂಕವೂ ಮೊದಲಿನಂತಿರುವುದಿಲ್ಲ. ಚಿಕ್ಕ ಚೀಲಕ್ಕೆ ಇಳಿಯುವವರಿಗೆ ಒಳಗಿನ ಕುಹರವನ್ನು ಹೊಲಿದು ಕಿರಿದು ಮಾಡುವುದೋ ಮಾಸ್ಟೊಪೆಕ್ಸಿಯೋ ಬೇಕಾಗಬಹುದು. ಪೂರ್ತಿ ತೆಗೆಸಿಬಿಡುವವರಲ್ಲಿ ಕೆಲವರು ಹೊಟ್ಟೆ ಅಥವಾ ತೊಡೆಯಿಂದ ಹೀರಿ ತೆಗೆದ ತಮ್ಮದೇ ಕೊಬ್ಬನ್ನು ಸ್ತನಕ್ಕೆ ತುಂಬಿಸಿಕೊಳ್ಳುತ್ತಾರೆ. ಅದರಲ್ಲಿ ಒಂದಷ್ಟು ಪಾಲು ಮೊದಲ ಕೆಲವು ತಿಂಗಳಲ್ಲೇ ಕರಗುವುದರಿಂದ, ಬೇಕಾದ ಗಾತ್ರ ಬರಲು ಒಂದಕ್ಕಿಂತ ಹೆಚ್ಚು ಸಲ ತುಂಬಿಸಬೇಕಾಗುತ್ತದೆ.